ಹಳಿ ಮೊದಲೋ ಮನೆ ಮೊದಲೋ: ಮುಂಬಯಿ ಮತ್ತು ಬೆಂಗಳೂರುಗಳ ನಗರಸ್ವಭಾವ

ಕನ್ನಡ ನಾಡು ಒಂದಾಗುವುದಕ್ಕೆ ಮೊದಲು ಕನ್ನಡಿಗರು ಹಲವು ರಾಜಧಾನಿಗಳ ಕಡೆಗೆ ಮುಖಮಾಡಿ ಬಾಳಿದ ಜನ. ೧೯೫೬ನೆಯ ಇಸವಿಯ ನವೆಂಬರ್ ೧ನೆಯ ತಾರೀಖಿನ ವರೆಗೆ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳವರ ಪಾಲಿಗೆ ಸರ್ಕಾರವೆಂದರೆ ಮುಂಬಯಿ. ಹಳೆಯ ಮೈಸೂರು ಸೀಮೆಯವರಿಗೆ ಸರ್ಕಾರದ ಕಚೇರಿಗಳಿದ್ದುದು ಬೆಂಗಳೂರಿನಲ್ಲಿ. ಕರ್ನಾಟಕ ವಿಶ್ವವಿದ್ಯಾಲಯವೇ ೧೯೪೯ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾಗಿ ಮರುವರ್ಷ ಧಾರವಾಡಕ್ಕೆ ಸ್ಥಳಾಂತರಗೊಂಡಿತೆಂಬುದನ್ನು ನೆನೆದರೆ ಈ ಸಂಬಂಧದ ಆಳ ತಿಳಿಯುತ್ತದೆ. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದವರೂ ಹೊಟ್ಟೆಪಾಡಿಗಾಗಿ ಕರಾವಳಿಯ ಹಡಗು ಹತ್ತಿ ಇಳಿಯುತ್ತಿದ್ದುದು ಮುಂಬಯಿಯ ಧಕ್ಕೆಯಲ್ಲಿ. ಆದುದರಿಂದ ಹೊರನಾಡ ಕನ್ನಡಿಗರು ಸೇರಿದೆಡೆಯಲ್ಲೆಲ್ಲ ಈ ಎರಡು ನಗರಗಳ ತುಲನೆ ತಾನಾಗಿಯೇ ಮಾತಿಗೆ ಬರುವುದು ಆಶ್ಚರ್ಯವಲ್ಲ.

ಆ ಮಾತಿನಲ್ಲಿ ಒಂದು ತೀರ್ಪು ಸಾಮಾನ್ಯವಾಗಿ ಕೇಳಿಬರುತ್ತದೆ. ಬೆಂಗಳೂರಿನ ಹವೆ ತಂಪು, ಆದ್ದರಿಂದ ಅಲ್ಲಿಯವರು ನಿಧಾನಿಗಳು, ವಿರಾಮಪ್ರಿಯರು. ಮುಂಬಯಿಯವರು ಬೆವರುತ್ತಲೇ ಓಡುವ ಜನ, ಅವರ ಚುರುಕು ಅವರ ಹುಟ್ಟುಗುಣ, ಎಂಬುದು ಅದರ ಸಾರಾಂಶ. ಊರಿನ ಸ್ವಭಾವವನ್ನು ಹವೆಗೂ ಜನರ ರಕ್ತಕ್ಕೂ ಹೊಂದಿಸಿ ಹೇಳುವ ಈ ರೀತಿ ಸುಲಭವಾದದ್ದು. ಆದರೆ ಸುಲಭವೆಂಬ ಕಾರಣಕ್ಕೆ ಅದು ಸತ್ಯವಾಗಲಾರದು. ಧಾರವಾಡದ ತಂಪಿನಲ್ಲಿ ಬೆಳೆದ ಗುಮಾಸ್ತನೇ ಮುಂಬಯಿಗೆ ಬಂದು ಆರು ತಿಂಗಳಾಗುವುದರೊಳಗೆ ಗಡಿಯಾರದ ಮುಳ್ಳನ್ನು ಹಿಡಿದು ಓಡುವುದನ್ನು ಕಲಿಯುತ್ತಾನೆ. ಆ ವೇಗವನ್ನು ಅವನು ಊರಿನಿಂದ ತಂದುದಲ್ಲ. ಅದು ಬಂದುದು ಎಲ್ಲಿಂದ ಎಂಬುದನ್ನು ವಿಚಾರಿಸಬೇಕಾದರೆ ಎರಡು ನಗರಗಳಲ್ಲಿ ಹಳಿಯೂ ಮನೆಯೂ ಯಾವ ಕ್ರಮದಲ್ಲಿ ಬಂದುವೆಂಬ ಇತಿಹಾಸವನ್ನು ನೋಡತಕ್ಕದ್ದು.

ಮೊದಲು ಮುಂಬಯಿ. ಏಳು ದ್ವೀಪಗಳನ್ನು ಒಡ್ಡುಗಳಿಂದ ಜೋಡಿಸಿ ಮಾಡಿದ ಈ ನೆಲ ತೆಂಕಣ ಬಡಗಣವಾಗಿ ಚಾಚಿದ ಒಂದು ಕಿರಿದಾದ ನಾಲಗೆ. ಮೂರು ಕಡೆ ನೀರು. ಊರು ಬೆಳೆಯಬೇಕಾದರೆ ಉತ್ತರಕ್ಕೇ ಬೆಳೆಯಬೇಕು. ಇಂತಹ ನೆಲಕ್ಕೆ ಉಗಿಬಂಡಿ ಹೇಳಿಮಾಡಿಸಿದಂತಿದ್ದಿತು. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಠಾಣೆಗೆ, ಸುಮಾರು ೩೪ ಕಿಲೋಮೀಟರು ದೂರ, ೧೪ ಡಬ್ಬಿಗಳಲ್ಲಿ ಸುಮಾರು ೪೦೦ ಮಂದಿಯನ್ನು ಹೊತ್ತು ಭಾರತದ ಮೊದಲ ಪ್ರಯಾಣಿಕರ ಗಾಡಿ ಹೊರಟಿತು. ೧೮೬೭ರ ಏಪ್ರಿಲಿನಲ್ಲಿ ಪಶ್ಚಿಮದ ಹಾದಿಯಲ್ಲಿ ವಿರಾರಿನಿಂದ ಬ್ಯಾಕ್‌ಬೇಗೆ ದಿನಕ್ಕೊಂದು ಗಾಡಿ ಓಡತೊಡಗಿತು. ಬೊರಿವಲಿ, ಗೋರೆಗಾಂವ, ಅಂಧೇರಿಗಳು ಅದರ ನಿಲ್ದಾಣಗಳಾಗಿದ್ದುವು. ಆಗ ಅವು ಸಾಷ್ಟಿ ದ್ವೀಪದ ಹಳ್ಳಿಗಳು. ಗದ್ದೆ, ತಾಳೆಮರ, ಮೀನುಗಾರರ ಕೇರಿ.

ಇಲ್ಲಿ ಒಂದು ತಾರೀಖು ವಿಶೇಷವಾಗಿ ಗಮನಾರ್ಹ. ಬೃಹನ್ಮುಂಬಯಿಯ ಎಲ್ಲೆ ಮೊದಲು ೧೯೫೦ರಲ್ಲಿ ಜೋಗೇಶ್ವರಿ, ಭಾಂಡುಪಗಳ ವರೆಗೂ ಆಮೇಲೆ ೧೯೫೭ರಲ್ಲಿ ದಹಿಸರ, ಮುಲುಂಡಗಳ ವರೆಗೂ ವಿಸ್ತರಿಸಿತು. ಅಂದರೆ ಬೊರಿವಲಿ ನಗರದೊಳಗೆ ಸೇರಿದುದು, ಅಲ್ಲಿಗೆ ರೈಲು ಬಂದ ೯೦ ವರ್ಷಗಳ ಮೇಲೆ. ಈ ನಡುವೆ ಹಳಿಗಳು ಸುಮ್ಮನಿರಲಿಲ್ಲ. ೧೯೨೫ರ ಫೆಬ್ರವರಿ ೩ರಂದು ಬೋರಿಬಂದರು ಮತ್ತು ಕುರ್ಲಾಗಳ ನಡುವೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ೧೯೨೮ರ ಜನವರಿಯಲ್ಲಿ ಕೊಲಾಬಾದಿಂದ ಬೊರಿವಲಿಯ ವರೆಗಿನ ಪಶ್ಚಿಮದ ಹಾದಿಗೂ ವಿದ್ಯುತ್ತು ಬಂದಿತು. ಜನ ಬರುವ ಮೊದಲೇ ಹಾದಿ ಸಿದ್ಧವಾಗಿದ್ದಿತು. ಬಂದವರು ನಿಲ್ದಾಣವನ್ನು ನೋಡಿಕೊಂಡು ಮನೆ ಹಿಡಿದರು. ಮುಂಬಯಿಯ ಉಪನಗರಗಳ ಪೇಟೆ, ಶಾಲೆ, ದೇವಸ್ಥಾನ, ಖಾನಾವಳಿ ಎಲ್ಲವೂ ಇಂದಿಗೂ ನಿಲ್ದಾಣದ ಬಾಗಿಲಿಗೆ ಅಂಟಿಕೊಂಡಿರುವುದಕ್ಕೂ, ವಿಳಾಸ ಹೇಳುವವನು ಪೂರ್ವವೋ ಪಶ್ಚಿಮವೋ ಎಂದು ಹಳಿಯನ್ನೇ ಗಡಿಯಾಗಿಟ್ಟು ಹೇಳುವುದಕ್ಕೂ ಇದೇ ಕಾರಣ.

ದ್ವೀಪನಗರದೊಳಗಿನ ಓಡಾಟಕ್ಕೆ ಟ್ರಾಮ್ ಇದ್ದಿತು. ೧೮೭೪ರ ಮೇ ತಿಂಗಳಲ್ಲಿ ಕುದುರೆಗಳು ಎಳೆಯುವ ಟ್ರಾಮ್ ಕೊಲಾಬಾದಿಂದ ಪಾಯಧುನಿಗೆ ಓಡಲಾರಂಭಿಸಿತು. ೧೯೦೭ರಲ್ಲಿ ಅದಕ್ಕೆ ವಿದ್ಯುತ್ತು ಬಂದಿತು, ೧೯೨೬ರಲ್ಲಿ ಬಸ್ಸು ಜೊತೆಗೂಡಿತು. ೧೯೪೭ರ ಆಗಸ್ಟ್ ೭ರಂದು ಈ ಟ್ರಾಮು, ಬಸ್ಸು, ವಿದ್ಯುತ್ ಸರಬರಾಜುಗಳ ಕಂಪೆನಿಯನ್ನು ನಗರಸಭೆಯೇ ವಹಿಸಿಕೊಂಡಿತು. ೧೯೬೪ರ ಮಾರ್ಚ್ ೩೧ರಂದು ಕೊನೆಯ ಟ್ರಾಮ್ ಬೋರಿಬಂದರಿನಿಂದ ದಾದರಿಗೆ ಹೋಗಿ ನಿಂತಿತು. ಹೀಗೆ ತೊಂಬತ್ತು ವರ್ಷಗಳ ಕಾಲ ಮುಂಬಯಿಯ ಸಾಮಾನ್ಯನು ಬೀದಿಯಲ್ಲಿಯೂ ಹಳಿಯ ಮೇಲೆಯೇ ಸಾಗಿದನು.

ಇನ್ನು ಬೆಂಗಳೂರು. ಇದು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದ ಒಂದು ದಿಣ್ಣೆಯ ಮೇಲಿನ ಊರು. ಇಲ್ಲಿ ಬಿದ್ದ ಮಳೆ ಒಂದು ಪಕ್ಕದಲ್ಲಿ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ, ಇನ್ನೊಂದು ಪಕ್ಕದಲ್ಲಿ ದಕ್ಷಿಣ ಪಿನಾಕಿನಿಗೂ ಹರಿಯುತ್ತದೆ. ದೊಡ್ಡ ನದಿಯಿಲ್ಲ, ಕೆರೆಗಳೇ ಊರಿನ ಪ್ರಾಣ. ನಾಲ್ಕು ದಿಕ್ಕಿಗೂ ತೆರೆದ ಬಯಲಾದುದರಿಂದ ಊರು ಯಾವ ಕಡೆಗೂ ಬೆಳೆಯಬಹುದು; ಯಾವುದೊಂದು ದಾರಿಯಲ್ಲಿಯೂ ಜನ ಒತ್ತೊತ್ತಾಗಿ ಸಾಗಬೇಕಾದ ನಿರ್ಬಂಧವಿಲ್ಲ. ೧೫೩೭ರಲ್ಲಿ ಕೆಂಪೇಗೌಡನು ಕಟ್ಟಿದ ಪೇಟೆ ಒಂದು. ೧೮೦೯ರಲ್ಲಿ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದಿಂದ ಬಂದು ನೆಲೆಯೂರಿದ ದಂಡು ಮತ್ತೊಂದು. ೧೮೮೧ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದಾಗ ಪೇಟೆ ಮಹಾರಾಜರ ಆಡಳಿತಕ್ಕೂ ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೂ ಸೇರಿದುವು. ನಡುವೆ ಕಬ್ಬನ್ ಉದ್ಯಾನ. ಎರಡು ಪೌರಸಭೆಗಳು ಕೂಡಿ ಒಂದೇ ಕಾರ್ಪೊರೇಷನ್ನಾದುದು ೧೯೪೯ರಲ್ಲಿ.

ಬೆಂಗಳೂರಿಗೆ ರೈಲು ತಡವಾಗಿ ಬಂದಿತೆಂದು ಹೇಳುವಂತಿಲ್ಲ. ೧೮೬೪ರಲ್ಲೇ ಜೋಲಾರಪೇಟೆಯಿಂದ ಹಳಿ ಬಂದಿತು. ಆದರೆ ಅದು ಮುಟ್ಟಿದ್ದು ದಂಡನ್ನು. ಮದರಾಸಿಗೂ ಸೈನ್ಯಕ್ಕೂ ಸಂಬಂಧ ಕಲ್ಪಿಸುವುದು ಅದರ ಕೆಲಸ. ೧೮೮೨ರಲ್ಲಿ ಮೈಸೂರಿನ ಹಾದಿ ಪೂರ್ಣವಾದಾಗ ಪೇಟೆಯ ಪಕ್ಕಕ್ಕೂ ನಿಲ್ದಾಣ ಬಂದಿತು. ಆದರೆ ಮದರಾಸಿನ ಹಳಿ ಅಗಲವಾದದ್ದು, ಮೈಸೂರಿನದು ಮೀಟರು ಅಳತೆಯದು. ತುಮಕೂರು, ಹಿಂದೂಪುರಗಳ ಕಡೆಗೂ ಹಳಿಗಳು ಹೋದುವು. ಇವೆಲ್ಲವೂ ದೂರದೂರುಗಳಿಗೆ ಹೋಗುವ ಹಾದಿಗಳು. ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕೆಲಸಗಾರನನ್ನು ಬೆಳಗ್ಗೆ ಒಯ್ದು ಸಂಜೆ ತರುವ ಕೆಲಸವನ್ನು ಅವಕ್ಕೆ ಯಾರೂ ವಹಿಸಲಿಲ್ಲ. ಮಲ್ಲೇಶ್ವರದ ಅಂಚಿನಲ್ಲಿಯೇ ಹಳಿ ಹಾದುಹೋಯಿತು. ಮಲ್ಲೇಶ್ವರದ ಗುಮಾಸ್ತ ಕಚೇರಿಗೆ ನಡೆದೇ ಹೋದನು.

ಎರಡು ನಗರಗಳ ಹಾದಿ ಬೇರೆಯಾದ ಘಟ್ಟವನ್ನು ಗುರುತಿಸಬೇಕಾದರೆ ಪ್ಲೇಗಿನ ಕಾಲವನ್ನು ನೋಡಬೇಕು. ೧೮೯೬ರಲ್ಲಿ ಮುಂಬಯಿಗೂ ೧೮೯೮ರಲ್ಲಿ ಬೆಂಗಳೂರಿಗೂ ಒಂದೇ ವ್ಯಾಧಿ ತಟ್ಟಿತು. ಎರಡೂ ಕಡೆ ಅಧಿಕಾರಿಗಳು ಕಂಡುಕೊಂಡ ಪರಿಹಾರವೂ ಒಂದೇ: ಇಕ್ಕಟ್ಟಾದ ಹಳೆಯ ಕೇರಿಗಳಿಂದ ಜನರನ್ನು ಹೊರಕ್ಕೆ ತಂದು ಗಾಳಿ ಬೆಳಕುಗಳಿರುವ ಬಡಾವಣೆಗಳನ್ನು ಕಟ್ಟುವುದು. ಮುಂಬಯಿಯಲ್ಲಿ ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಗಿ, ಮುಂದೆ ದಾದರು, ಮಾಟುಂಗ, ಶೀವಗಳ ಬಡಾವಣೆಗಳನ್ನು ರೂಪಿಸಿತು. ಬೆಂಗಳೂರಿನಲ್ಲಿ ಅದಕ್ಕೆ ಸ್ವಲ್ಪ ಮೊದಲೇ ಗೆರೆ ಎಳೆದಿದ್ದ ಬಸವನಗುಡಿ, ಮಲ್ಲೇಶ್ವರಗಳು ಪ್ಲೇಗಿನ ಅನಂತರ ತುಂಬಿದುವು. ನಾಲ್ಕೂ ಕಡೆ ಅಚ್ಚುಕಟ್ಟಾದ ಅಡ್ಡರಸ್ತೆಗಳು, ಮರಗಳ ಸಾಲು, ಮಧ್ಯಮವರ್ಗದ ಸಂಸಾರಗಳು. ವ್ಯತ್ಯಾಸವಿದ್ದುದು ಒಂದರಲ್ಲಿ. ದಾದರು, ಮಾಟುಂಗಗಳಿಗೆ ಮನೆಗಳು ಏಳುವ ಮೊದಲೇ ಎರಡು ರೈಲುಹಾದಿಗಳ ಆಸರೆ ದೊರಕಿದ್ದಿತು. ಬಸವನಗುಡಿಗೆ ಅಂತಹ ಆಸರೆ ಯಾವುದೂ ಇರಲಿಲ್ಲ.

ಬೇಕಾಗಿಯೂ ಇರಲಿಲ್ಲವೆಂಬುದೇ ವಿಚಾರಾರ್ಹವಾದ ಅಂಶ; ಹವೆಯ ಪಾತ್ರ ನಿಜವಾಗಿ ಬರುವುದು ಇಲ್ಲಿ. ಮುಂಬಯಿಯಲ್ಲಿ ಜೂನಿನಿಂದ ಸೆಪ್ಟೆಂಬರಿನ ವರೆಗೆ ೨೦೦೦ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುತ್ತದೆ. ಉಳಿದ ತಿಂಗಳುಗಳಲ್ಲಿ ಕಡಲಿನ ತೇವ ಮೈಗೆ ಅಂಟುತ್ತದೆ. ಅಲ್ಲಿ ಎಂಟು ಮೈಲಿ ನಡೆದು ಕಚೇರಿಗೆ ಹೋಗುವುದು ಯಾರಿಗೂ ಸಾಧ್ಯವಿಲ್ಲ. ಬೆಂಗಳೂರಿನ ವರ್ಷದ ಮಳೆ ಸುಮಾರು ೯೭೦ ಮಿಲಿಮೀಟರು. ಅದೂ ಎರಡು ಮಾರುತಗಳಲ್ಲಿ ಹಂಚಿಕೊಂಡು, ಬಹುಮಟ್ಟಿಗೆ ಸಂಜೆಯ ಹೊತ್ತಿನಲ್ಲಿ ಬೀಳುತ್ತದೆ. ಬೆಳಗಿನ ತಂಪಿನಲ್ಲಿ ಬಸವನಗುಡಿಯಿಂದ ಪೇಟೆಗೆ ನಡೆಯುವುದು ಶ್ರಮವಲ್ಲ, ಹಿತ. ಸ್ವಲ್ಪ ದೂರವಾದರೆ ಸೈಕಲ್ಲು. ಹೆಂಗಸರು ಮಕ್ಕಳಿದ್ದರೆ ಜಟಕಾ. ಬೆಂಗಳೂರಿನ ಹವೆ ಜನರನ್ನು ನಿಧಾನಿಗಳನ್ನಾಗಿ ಮಾಡಿತೆನ್ನುವುದಕ್ಕಿಂತ, ಊರಿಗೆ ವಾಹನದ ಏರ್ಪಾಡು ಬೇಕೆಂಬುದನ್ನು ಬಹುಕಾಲ ಮರೆಮಾಡಿತೆನ್ನುವುದು ಹೆಚ್ಚು ಯುಕ್ತ.

ಇದಕ್ಕೆ ಒಂದು ನಿದರ್ಶನವುಂಟು. ಶಿವನಸಮುದ್ರದ ಜಲಶಕ್ತಿಯಿಂದ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ೧೯೦೫ರ ಆಗಸ್ಟಿನಲ್ಲಿ, ಎಂದರೆ ಮುಂಬಯಿಯಲ್ಲಿ ವಿದ್ಯುತ್ ಟ್ರಾಮ್ ಓಡುವುದಕ್ಕೆ ಎರಡು ವರ್ಷ ಮೊದಲು. ಶಕ್ತಿ ಕೈಯಲ್ಲಿದ್ದಿತು. ಹಾಗಿದ್ದೂ ಬೆಂಗಳೂರಿಗೆ ಟ್ರಾಮ್ ಬರಲಿಲ್ಲ. ಪೇಟೆಗೂ ದಂಡಿಗೂ ಇದ್ದ ಇಬ್ಬಗೆಯ ಆಡಳಿತ, ಊರಿನ ಸಣ್ಣ ಗಾತ್ರ, ನಡೆಯುವುದಕ್ಕೆ ಅನುಕೂಲವಾದ ಹವೆ, ಇವು ಮೂರನ್ನೂ ಅದಕ್ಕೆ ಕಾರಣಗಳೆಂದು ಊಹಿಸಬಹುದು.

ಬಸ್ಸು ಬಂದುದು ೧೯೪೦ರಲ್ಲಿ, ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿಯ ಮೂಲಕ. ೧೯೫೬ರಲ್ಲಿ ಅದನ್ನು ಸರ್ಕಾರ ವಹಿಸಿಕೊಂಡಿತು. ೧೯೯೭ರಲ್ಲಿ ಅದು ಪ್ರತ್ಯೇಕವಾದ ಮಹಾನಗರ ಸಾರಿಗೆ ಸಂಸ್ಥೆಯಾಯಿತು. ಬಸ್ಸುಗಳಿಗೆ ಕೇಂದ್ರಸ್ಥಾನ ದೊರೆತುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಊರಿಗೆ ನೀರು ಕೊಟ್ಟ ಕೆರೆ ಬತ್ತಿ, ಊರಿನ ಜನ ಬಸ್ಸಿಗಾಗಿ ಕಾಯುವ ಜಾಗವಾಯಿತು.

ಅಷ್ಟರಲ್ಲಿ ಊರಿನ ಗಾತ್ರ ಮೊದಲಿನದಾಗಿರಲಿಲ್ಲ. ೧೯೪೧ರಲ್ಲಿ ಸುಮಾರು ೪ ಲಕ್ಷವಿದ್ದ ಜನಸಂಖ್ಯೆ ೧೯೫೧ರಲ್ಲಿ ೭ ಲಕ್ಷ ೭೮ ಸಾವಿರಕ್ಕೇರಿತು. ೧೯೮೧ರಲ್ಲಿ ೨೯ ಲಕ್ಷ, ೨೦೧೧ರಲ್ಲಿ ೮೪ ಲಕ್ಷ. ೧೯೪೦ರಲ್ಲಿ ವಿಮಾನದ ಕಾರ್ಖಾನೆ, ೧೯೪೮ರಲ್ಲಿ ಟೆಲಿಫೋನಿನದು, ೧೯೫೩ರಲ್ಲಿ ಯಂತ್ರೋಪಕರಣಗಳದು, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹೀಗೆ ಒಂದೊಂದಾಗಿ ದೊಡ್ಡ ಉದ್ಯಮಗಳು ಊರ ಹೊರಗೆ ನೆಲೆಯಾದುವು. ಅವು ತಮ್ಮ ಕೆಲಸಗಾರರಿಗೆ ತಾವೇ ವಸತಿ ಕಟ್ಟಿದುವು, ತಾವೇ ಬಸ್ಸುಗಳನ್ನು ಓಡಿಸಿದುವು. ಉದಾರವಾದ ಕ್ರಮ; ಕೆಲಸಗಾರನಿಗೆ ಸುಖ. ಆದರೆ ಕಾರ್ಖಾನೆಯೊಳಗಿದ್ದವನಿಗೆ ದೊರೆತ ಬಸ್ಸು, ಅದೇ ಬೀದಿಯಲ್ಲಿ ತರಕಾರಿ ಮಾರುವವಳಿಗೆ ದೊರೆಯಲಿಲ್ಲ. ೧೯೭೮ರಲ್ಲಿ ಪ್ರಾರಂಭವಾದ ಎಲೆಕ್ಟ್ರಾನಿಕ್ಸ್ ನಗರವೂ ಆಮೇಲಿನ ಸಾಫ್ಟ್‌ವೇರ್ ಸಂಸ್ಥೆಗಳೂ ಈ ಸಂಪ್ರದಾಯವನ್ನೇ ಮುಂದುವರಿಸಿದುವು. ಬೆಂಗಳೂರಿನಲ್ಲಿ ಪ್ರತಿಯೊಂದು ಸಂಸ್ಥೆಯೂ ತನ್ನವರನ್ನು ತಾನು ಹೊತ್ತುಕೊಂಡಿತು. ಎಲ್ಲರನ್ನೂ ಒಟ್ಟಿಗೆ ಹೊರುವ ಗಾಡಿಯನ್ನು ಕೇಳುವ ಬಲವಾದ ಕೊರಳು ಆದ್ದರಿಂದಲೇ ಏಳಲಿಲ್ಲ. ಉಳಿದವರಲ್ಲಿ ಶಕ್ತಿಯಿದ್ದವರು ಸ್ಕೂಟರು ಕೊಂಡರು.

ಇಲ್ಲಿಯ ತಾರೀಖುಗಳನ್ನು ಮುಂಬಯಿಯವುಗಳ ಪಕ್ಕದಲ್ಲಿಟ್ಟು ನೋಡಬೇಕು. ಜಯನಗರ ಬಡಾವಣೆಗೆ ಅಸ್ತಿಭಾರ ಬಿದ್ದುದು ೧೯೪೮ರಲ್ಲಿ. ಅಲ್ಲಿಗೆ ಮೆಟ್ರೋ ರೈಲು ಬಂದುದು ೨೦೧೭ರ ಜೂನಿನಲ್ಲಿ, ೬೯ ವರ್ಷಗಳ ಮೇಲೆ. ಎಲೆಕ್ಟ್ರಾನಿಕ್ಸ್ ನಗರಕ್ಕೆ ಮೆಟ್ರೋ ಮುಟ್ಟಿದುದು ೨೦೨೫ರ ಆಗಸ್ಟಿನಲ್ಲಿ, ೪೭ ವರ್ಷಗಳ ಮೇಲೆ. ಬೊರಿವಲಿಯಲ್ಲಿ ರೈಲು ನಗರಕ್ಕಾಗಿ ೯೦ ವರ್ಷ ಕಾಯಿತು. ಜಯನಗರದಲ್ಲಿ ನಗರ ರೈಲಿಗಾಗಿ ೬೯ ವರ್ಷ ಕಾಯಿತು. ಎರಡು ಊರುಗಳ ಸ್ವಭಾವಭೇದದ ಬೀಜ ಈ ಎರಡು ವಾಕ್ಯಗಳಲ್ಲಿ ಅಡಗಿದೆ.

ಹಳಿ ಮೊದಲು ಬಂದ ಊರಿನಲ್ಲಿ ಮನುಷ್ಯನಿಗೆ ಏನಾಯಿತು? ಊರಿನಿಂದ ಬರಿಗೈಯಲ್ಲಿ ಬಂದ ಕನ್ನಡದ ಹುಡುಗನನ್ನು ನೆನೆಯಬಹುದು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಪರೀಕ್ಷೆ ಮುಗಿಸಿ, ಕಚೇರಿಯಲ್ಲೋ ಬ್ಯಾಂಕಿನಲ್ಲೋ ಕೆಲಸ ಹಿಡಿದ ಮೇಲೆ ಅವನು ಸಂಸಾರ ಹೂಡಬೇಕಾಗಿತ್ತು. ಕೋಟೆಯ ಭಾಗದಲ್ಲಿ ಮನೆ ಹಿಡಿಯುವ ಶಕ್ತಿ ಅವನಿಗಿರಲಿಲ್ಲ. ಲೋಕಲ್ ಗಾಡಿಯ ತಿಂಗಳ ಪಾಸು ಇದ್ದುದರಿಂದ ಅವನು ಇಪ್ಪತ್ತು ಮೈಲಿ ಆಚೆ, ಕೈಗೆಟುಕುವ ಬಾಡಿಗೆಗೆ ಎರಡು ಕೋಣೆ ಹಿಡಿದನು. ವಾಹನವಿಲ್ಲದವನೂ ಈ ಊರಿನ ಪೂರ್ಣ ಪ್ರಜೆಯಾಗಬಹುದಾಗಿತ್ತು. ೧೯೨೬ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ನೂ ಕರ್ನಾಟಕ ಸಂಘವೂ ಮಾಟುಂಗದಲ್ಲಿ ನೆಲೆಗೊಂಡುದು ಅರ್ಥವತ್ತಾಗಿದೆ. ಪಶ್ಚಿಮ, ಮಧ್ಯ ಎರಡು ಹಾದಿಗಳಿಗೂ ನಡೆಯುವಷ್ಟು ಹತ್ತಿರವಿರುವ ಆ ಜಾಗಕ್ಕೆ ಡೊಂಬಿವಲಿಯವನೂ ಬೊರಿವಲಿಯವನೂ ನಾಟಕ ನೋಡಲು ಬಂದು ಕೊನೆಯ ಗಾಡಿಯಲ್ಲಿ ಮನೆ ಸೇರಬಹುದು. ಮುಂಬಯಿಯಲ್ಲಿ ಕನ್ನಡದ ಸಾರ್ವಜನಿಕ ಜೀವನ ಬದುಕಿದುದು ಈ ಹಳಿಗಳ ಆಸರೆಯಲ್ಲಿ ಎಂದರೆ ಅತಿಶಯೋಕ್ತಿಯಲ್ಲ. ಹೆಂಗಸರ ವಿಷಯವೂ ಹಾಗೆಯೇ. ಅವರಿಗಾಗಿ ಮೀಸಲಾದ ಡಬ್ಬಿಗಳೂ, ೧೯೯೨ರಿಂದ ಪೂರ್ತಿ ಗಾಡಿಯೂ ಇದ್ದುದರಿಂದ ದೂರದ ಕಚೇರಿಯ ಕೆಲಸ ಅವರಿಗೆ ನಿಲುಕಿತು.

ಹಾಗೆಂದು ಮುಂಬಯಿಯನ್ನು ಹೊಗಳಿ ಮುಗಿಸುವುದು ನ್ಯಾಯವಲ್ಲ. ಈ ಸೌಲಭ್ಯಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಹಳಿಗಳ ಮೇಲೆ ಸತ್ತವರ ಸಂಖ್ಯೆ ೨೦೨೩ರ ಒಂದೇ ವರ್ಷದಲ್ಲಿ ಎರಡು ಸಾವಿರವನ್ನು ಮೀರಿತು. ೨೦೧೭ರ ಸೆಪ್ಟೆಂಬರ್ ೨೯ರ ಬೆಳಗ್ಗೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಕಾಲುಸೇತುವೆಯ ಮೇಲಿನ ನೂಕುನುಗ್ಗಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಗಾಡಿ ತಪ್ಪಿದರೆ ದಿನ ತಪ್ಪಿತೆಂಬ ಆತಂಕದಲ್ಲಿ ತಂದೆ ಮಕ್ಕಳನ್ನು ಎಚ್ಚರದಲ್ಲಿ ನೋಡುವುದು ಭಾನುವಾರ ಮಾತ್ರ. ಬೆಂಗಳೂರಿನ ಮನೆಯ ಮುಂದಿನ ಸಂಪಿಗೆಯ ಗಿಡ, ಸಂಜೆಯ ತಿರುಗಾಟ, ಉಪನ್ಯಾಸ ಸಂಗೀತಗಳ ವಿರಾಮ, ಇವು ಸಹ ನಾಗರಿಕತೆಯ ಫಲಗಳೇ. ಅವನ್ನು ಸೋಮಾರಿತನವೆನ್ನುವುದು ಓಟವನ್ನೇ ಗುಣವೆಂದು ಭ್ರಮಿಸಿದವರ ಮಾತು.

ಆದರೆ ಆ ವಿರಾಮ ಉಳಿದಿಲ್ಲವೆಂಬುದೇ ವ್ಯಥೆಯ ಸಂಗತಿ. ೨೦೦೭ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ೧೧೦ ಹಳ್ಳಿಗಳನ್ನೂ ಒಳಗೊಂಡು ಬೆಂಗಳೂರಿನ ಎಲ್ಲೆ ಹಿಗ್ಗಿತು. ಹಳ್ಳಿಗಳು ಸೇರಿದುವು, ಹಳಿ ಅಲ್ಲಿಗೆ ಹೋಗಿರಲಿಲ್ಲ. ಕೆರೆಗಳು ನಿವೇಶನಗಳಾದುವು. ಮುಂಬಯಿಯನ್ನು ೨೦೦೫ರ ಜುಲೈ ೨೬ರಂದು ಸ್ತಬ್ಧಗೊಳಿಸಲು ಸಾಂತಾಕ್ರೂಜಿನಲ್ಲಿ ಒಂದು ದಿನಕ್ಕೆ ೯೪೪ ಮಿಲಿಮೀಟರು ಮಳೆ ಬೇಕಾಯಿತು. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗವನ್ನು ಮುಳುಗಿಸಲು ಒಂದು ರಾತ್ರಿಯ ಸುಮಾರು ೧೩೦ ಮಿಲಿಮೀಟರು ಸಾಕಾಯಿತು. ಹವೆಯನ್ನು ನಂಬಿ ಏರ್ಪಾಡನ್ನು ಮರೆತ ಊರನ್ನು ಹವೆಯೂ ಕೊನೆಗೆ ಕೈಬಿಟ್ಟಿತು.

ಬೆಂಗಳೂರು ಈಗ ತಡವಾಗಿಯಾದರೂ ಹಳಿ ಹಾಕುತ್ತಿದೆ. ಮೆಟ್ರೋ ೨೦೧೧ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಗೆ ಮೊದಲು ಓಡಿತು. ಸುಮಾರು ೧೪೮ ಕಿಲೋಮೀಟರಿನ ಉಪನಗರ ರೈಲಿನ ಯೋಜನೆಗೆ ೨೦೨೨ರಲ್ಲಿ ಶಂಕುಸ್ಥಾಪನೆಯಾಯಿತು. ೨೦೨೩ರ ಜೂನಿನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ಆದರೆ ಮನೆಗಳ ನಡುವೆ ಕಂಬ ನೆಟ್ಟು, ನೆಲ ಕೊರೆದು ಹಾಕಿದ ಹಳಿ ಅಗ್ಗವಾಗಲಾರದು. ೨೦೨೫ರ ಫೆಬ್ರವರಿಯಲ್ಲಿ ಬೆಂಗಳೂರು ಮೆಟ್ರೋದ ಗರಿಷ್ಠ ದರ ೬೦ ರೂಪಾಯಿಯಿಂದ ೯೦ ರೂಪಾಯಿಗೆ ಏರಿತು. ಆಗ ಮುಂಬಯಿಯ ಲೋಕಲ್ ಗಾಡಿಯ ಎರಡನೆಯ ದರ್ಜೆಯ ಕನಿಷ್ಠ ದರ ೫ ರೂಪಾಯಿ. ಬೆಂಗಳೂರಿನ ಹಳಿ ಗುಮಾಸ್ತನಿಗೆ ದೊರೆತು ಕೂಲಿಯವನಿಗೆ ದೊರೆಯದೆ ಹೋದರೆ ಹಳೆಯ ಕಾರ್ಖಾನೆಯ ಬಸ್ಸಿನ ಕಥೆಯೇ ಬೇರೆ ರೂಪದಲ್ಲಿ ಮರುಕಳಿಸಿದಂತಾಗುತ್ತದೆ.

ಅತ್ತ ಮುಂಬಯಿಯೂ ತನ್ನ ಗುಣವನ್ನು ಶಾಶ್ವತವೆಂದು ಭಾವಿಸುವಂತಿಲ್ಲ. ನಗರಸಭೆಯ ಸ್ವಂತ ಬಸ್ಸುಗಳು ಕುಗ್ಗುತ್ತ ಬಂದು ಗುತ್ತಿಗೆಯ ಬಸ್ಸುಗಳು ಆ ಸ್ಥಾನಕ್ಕೆ ಬಂದಿವೆ. ೨೦೨೪ರಲ್ಲಿ ತೆರೆದ ಕಡಲಂಚಿನ ಹೆದ್ದಾರಿ ಮುಖ್ಯವಾಗಿ ಕಾರುಳ್ಳವರಿಗೆ ಉಪಯುಕ್ತ. ಭೂಗರ್ಭದ ಮೆಟ್ರೋ ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಾರಂಭವಾದುದು ಸಮಾಧಾನಕರ. ಒಂದು ನಗರ ಸಾರ್ವಜನಿಕ ಗಾಡಿಯ ಕಡೆಗೆ ಕಷ್ಟಪಟ್ಟು ತಿರುಗುತ್ತಿರುವ ಹೊತ್ತಿನಲ್ಲಿ ಇನ್ನೊಂದು ಅದರಿಂದ ಮುಖ ತಿರುಗಿಸುವುದಾದರೆ, ಮುಂದಿನ ತಲೆಮಾರಿನ ಕನ್ನಡಿಗರ ಹರಟೆಯಲ್ಲಿ ಈ ತುಲನೆ ತಲೆಕೆಳಗಾದೀತು.

ಹವೆ ದೈವದತ್ತ, ನೆಲದ ಆಕಾರವೂ ಹಾಗೆಯೇ. ಆದರೆ ನಗರದ ಸ್ವಭಾವವೆಂದು ಜನ ಕರೆಯುವುದು ಬಹುಮಟ್ಟಿಗೆ ಮನುಷ್ಯರು ಮಾಡಿದ ಏರ್ಪಾಡಿನ ನೆರಳು. ಮನುಷ್ಯರು ಮಾಡಿದುದನ್ನು ಮನುಷ್ಯರು ತಿದ್ದಬಹುದು. ಬೆಂಗಳೂರಿನ ಅಂಚಿನಲ್ಲಿ ನಾಳೆ ಏಳಲಿರುವ ಬಡಾವಣೆಗೆ ಇಂದೇ ಹಳಿ ಹೋದರೆ, ಅಲ್ಲಿ ಮನೆ ಮಾಡುವವನು ವಾಹನವಿಲ್ಲದವನಾದರೂ ಊರಿಗೆ ಸೇರಿದವನಾಗಿರುತ್ತಾನೆ. ಊರಿನಿಂದ ಬಂದ ಬರಿಗೈಯ ಹುಡುಗನೊಬ್ಬನಿಗೆ ಮುಂಬಯಿ ಅಷ್ಟನ್ನು ಮಾಡಿಕೊಟ್ಟಿತು. ಕನ್ನಡಿಗರ ಸ್ವಂತ ರಾಜಧಾನಿ ಅವನಿಗೆ ಅದಕ್ಕಿಂತ ಕಡಮೆಯನ್ನು ಕೊಡಬಾರದು.